ಸಿದ್ದವ್ವನ ಕೈ ಯಾವ ತಾಲೂಕಿನಲ್ಲಿತ್ತು?

ವಕೀಲನಾದವನಿಗೆ ಸಿಟ್ಟು ಇರಬಾರದು ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ಅವರಿಗೇನು, ಅವರು ಸಿದ್ದವ್ವನ ಕೇಸು ನಡೆಸಿರಲಿಲ್ಲ. ನಾನು ನಡೆಸಿದೆ. ತೊಂಬತ್ನಾಲ್ಕನೆಯ ಇಸವಿಯಲ್ಲಿ, ವಿಜಾಪುರ ಜಿಲ್ಲೆಯ ಇಂಡಿ ಊರಿನ ಮುನಸೀಫ ಕೋರ್ಟಿನಲ್ಲಿ, ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ, ಕರಿ ಕೋಟಿನೊಳಗೆ ಬೆವರುತ್ತ ನಡೆಸಿದೆ. ಇವತ್ತಿಗೂ ವಕೀಲರ ಕೋಣೆಯಲ್ಲಿ ಯಾರಾದರೂ "ವಿಠ್ಠಲರಾವ್, ಆ ಬಸ್ಸಿನ ಕೇಸು ಒಂಚೂರು ಹೇಳ್ರಲಾ" ಅಂದರೆ ಎದ್ದು ಹೊರಗೆ ಹೋಗಿಬಿಡುತ್ತೇನೆ. ನಾನು ಹೊರಗೆ ಹೋದ ಮೇಲೆ ಅವರೇ ಹೇಳಿಕೊಳ್ಳುತ್ತಾರೆ. ಆದರೆ ಅವರು ನಗುವ ಭಾಗ ಮಾತ್ರ ಹೇಳುತ್ತಾರೆ, ಆ ಹೆಂಗಸು ಎಂಥವಳು ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಸಿದ್ದವ್ವ ಇಂಡಿ ಪೇಟೆಯ ನಿಂಬೆಹಣ್ಣಿನ ವ್ಯಾಪಾರಿ. ಗಂಡ ತೀರಿಕೊಂಡಾಗ ಅಂಗಡಿಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳು ಮತ್ತೆ ಯಾರ ಕೈಗೂ ಕೊಡಲಿಲ್ಲ. ಹಣೆ ತುಂಬ ವಿಭೂತಿ, ಮೈಮೇಲೆ ಇಳಕಲ್ ಸೀರೆ, ಎಡಗೈಯಲ್ಲಿ ಸದಾ ತಪಕೀರಿನ ಡಬ್ಬಿ. ನಶ್ಯಕ್ಕೆ ನಮ್ಮ ಕಡೆ ತಪಕೀರು ಅನ್ನುತ್ತೇವೆ. ಅದನ್ನು ಏರಿಸಿ ಏರಿಸಿ ಅವಳ ಮೂಗು ಸತ್ತೇಹೋಗಿತ್ತು. ಪಕ್ಕದಲ್ಲಿ ಚಪ್ಪರ ಹೊತ್ತಿ ಉರಿದರೂ "ಯಾಕ ಇಷ್ಟ ಸೆಕಿ ಆಗಾಕತ್ತೈತಿ?" ಅನ್ನುವವಳೇ ಹೊರತು ಅವಳಿಗೆ ಹೊಗೆಯ ವಾಸನೆ ಬರುತ್ತಿರಲಿಲ್ಲ. ಈ ಮೂಗೇ ಮುಂದೆ ಎಲ್ಲ ರಾದ್ಧಾಂತಕ್ಕೆ ಕಾರಣವಾಯಿತು.

ಇನ್ನೊಂದು ವಿಷಯ. ನಮ್ಮ ಸಂತೆಗಳಲ್ಲಿ ಹಳೆಯ ವ್ಯಾಪಾರಸ್ಥರು ಬೆಲೆಯನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಒಂದು ಟಾವೆಲ್ ಹಾಕಿ, ಅದರೊಳಗೆ ಬೆರಳು ಹಿಡಿದು ಒತ್ತಿ ಬೆಲೆ ತಿಳಿಸುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಒಪ್ಪಿಗೆಯಾದರೆ ಕೈ ಬಿಡುತ್ತಾರೆ, ಆಗದಿದ್ದರೆ ಮತ್ತೊಂದು ಬೆರಳು ಹಿಡಿಯುತ್ತಾರೆ. ಇಂಡಿ ಪೇಟೆಯಲ್ಲಿ ಹೀಗೆ ಗಂಡಸರ ಜೋಡಿ ಟಾವೆಲ್ಲಿನ ಕೆಳಗೆ ಕೈ ಕೊಟ್ಟು ವ್ಯಾಪಾರ ಮಾಡುವ ಹೆಂಗಸು ಸಿದ್ದವ್ವ ಒಬ್ಬಳೇ. ಮೊದಮೊದಲು ಗಂಡಸರೇ ನಾಚಿಕೊಂಡು ಹಿಂದೆ ಸರಿದರಂತೆ. "ಕೈ ನಂದು, ನಾಚಿಗಿ ನಿಮಗ್ಯಾಕ್ರೋ? ಹಿಡೀರಿ ಸುಮ್ಮನ" ಅಂದಳಂತೆ. ಹಿಡಿದರು. ಹಿಡಿದವರು ಸೋತರು.

ಇಂಥ ಹೆಂಗಸಿಗೆ ಇಡೀ ಜಿಲ್ಲೆಯಲ್ಲಿ ಕಾಲಿಡಲಾಗದ ಊರು ಒಂದಿತ್ತು, ಮುದ್ದೇಬಿಹಾಳ.

ಅವಳ ತಂಗಿ ಗುರಬಸವ್ವನನ್ನು ಆ ಊರಿಗೆ ಕೊಟ್ಟಿದ್ದರು. ಮದುವೆಯ ದಿನ ಬೀಗರ ಪಂಕ್ತಿಯಲ್ಲಿ ಹೋಳಿಗೆಯ ಮೇಲೆ ತುಪ್ಪ ಬಡಿಸುತ್ತ ಬಂದವನು ಸರಿಯಾಗಿ ಸಿದ್ದವ್ವನ ಎಲೆಯ ಮುಂದೆ ಬಂದು ತಿರುಗಿ ಹೋದ. ತುಪ್ಪ ತೀರಿತ್ತೋ, ಬೇಕೆಂದೇ ಬಿಟ್ಟನೋ, ದೇವರಿಗೇ ಗೊತ್ತು. ಸಿದ್ದವ್ವ ಎಲೆ ಬಿಟ್ಟು ಎದ್ದಳು. ಸೀದಾ ಹೋಗಿ ಬಾಸಿಂಗ ಕಟ್ಟಿಕೊಂಡು ಕೂತಿದ್ದ ತಂಗಿಯ ತಲೆಯ ಮೇಲೆ ಕೈಯಿಟ್ಟು, "ಇನ್ನ ಮ್ಯಾಲ ಈ ಮುದ್ದೇಬಿಹಾಳದಾಗ ನಾ ಕಾಲಿಡೂದಿಲ್ಲ. ಇಟ್ರ ಇಕಿ ತಲಿ ಮ್ಯಾಲಿನ ಆಣಿ!" ಅಂದಳು. ತಂಗಿಯ ಅತ್ತೆ ಸುಮ್ಮನಿರುವವಳೇ? "ಹಂಗಿದ್ರ ನಮ್ಮ ಸೊಸೀನೂ ನಿಮ್ಮ ಇಂಡಿ ನೆಲಾ ತುಳಿಯೂದಿಲ್ಲ, ಹೋಗ!" ಎಂದು ಅವಳೂ ಕೂಗಿದಳು. ಒಂದು ಚಮಚ ತುಪ್ಪಕ್ಕೆ ಅಕ್ಕತಂಗಿಯರ ನಡುವೆ ಗೋಡೆ ಎದ್ದಿತು.

ಅತ್ತೆ ಸತ್ತಳು. ಸಿಟ್ಟೂ ಸತ್ತಿತು. ಆಣೆ ಮಾತ್ರ ಉಳಿಯಿತು. ತಲೆ ಮುಟ್ಟಿ ಮಾಡಿದ ಆಣೆಯನ್ನು ಮುರಿದರೆ ಕೇಡು ಬರುವುದು ಆಣೆ ಮಾಡಿದವರಿಗಲ್ಲ, ಯಾರ ತಲೆ ಮುಟ್ಟಿದ್ದರೋ ಅವರಿಗೆ ಎಂದು ನಮ್ಮ ಕಡೆ ನಂಬಿಕೆ. ನಾನು ಕಾಯಿದೆ ಓದಿದವನು, ನನಗೆ ಅದರಲ್ಲೆಲ್ಲ ನಂಬಿಕೆ ಇಲ್ಲ. ಹಾಗಂತ ನನ್ನ ಮಗಳ ತಲೆಯ ಮೇಲೆ ಯಾರಾದರೂ ಕೈಯಿಟ್ಟು ಆಣೆ ಮಾಡಲಿಕ್ಕೆ ಬಂದರೆ ಕೈ ಮುರಿದುಹಾಕುತ್ತೇನೆ.

ಎಷ್ಟೋ ವರ್ಷ ಅಕ್ಕತಂಗಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಇಂಡಿ ಡಿಪೋದವರು ಒಂದು ಹೊಸ ಬಸ್ಸು ಬಿಟ್ಟರು. ಇಂಡಿಯಿಂದ ಹೊರಟು ಸಿಂದಗಿಗೆ ಹೋಗಿ, ಅಲ್ಲಿಂದ ಬಸವನ ಬಾಗೇವಾಡಿಗೆ ಬಂದು, ಸುತ್ತಬಾರದ ಕಡೆಯೆಲ್ಲ ಸುತ್ತಿ ಮುದ್ದೇಬಿಹಾಳ ಮುಟ್ಟುವ ಬಸ್ಸು. ಅಲ್ಲಿ ಸ್ವಲ್ಪ ಹೊತ್ತು ನಿಂತು ಅದೇ ದಾರಿಯಲ್ಲಿ ವಾಪಸ್ಸು. ಅದರಲ್ಲಿ ಸಿದ್ದವ್ವ ತನ್ನ ದಾರಿ ಕಂಡುಕೊಂಡಳು. ಅಮಾವಾಸ್ಯೆಯ ದಿನ ಪೇಟೆ ಬಂದ್ ಇರುತ್ತದೆ. ಆ ದಿನ ಬೆಳಿಗ್ಗೆ ಕಿಡಕಿಯ ಪಕ್ಕದ ಸೀಟು ಹಿಡಿದು ಮುದ್ದೇಬಿಹಾಳದವರೆಗೆ ಹೋಗುವುದು, ಅಲ್ಲಿ ಇಳಿಯದೆ ಕೂತೇ ಇರುವುದು. ತಂಗಿ ಮನೆಯಿಂದ ಬಂದು ಕಿಡಕಿಯ ಕೆಳಗೆ ನಿಲ್ಲುತ್ತಿದ್ದಳು. ಅಕ್ಕ ಮೇಲೆ, ತಂಗಿ ಕೆಳಗೆ. ಮೇಲಿನಿಂದ ಒಂದು ಚೀಲ ನಿಂಬೆಹಣ್ಣು ಇಳಿಯುತ್ತಿತ್ತು, ಕೆಳಗಿನಿಂದ ಸಜ್ಜಿ ರೊಟ್ಟಿಯ ಬುತ್ತಿ ಏರುತ್ತಿತ್ತು. ಕಂಡಕ್ಟರ್ ನಬಿಸಾಬ ಎರಡು ಸಲ ಶೀಟಿ ಊದಿ, ಮೂರನೆಯ ಸಲ ಊದದೆ, "ಅವ್ವಾರ, ಮಾತು ಮುಗೀತೇನ್ರಿ?" ಎಂದು ಕೇಳಿಯೇ ಬಸ್ಸು ಬಿಡಿಸುತ್ತಿದ್ದ.

ತಂಗಿಯಾದರೂ ಬಸ್ಸು ಹತ್ತಿ ಅಕ್ಕನ ಪಕ್ಕ ಕೂರಬಾರದೇ? ಕೂರುವಂತಿರಲಿಲ್ಲ. ಬಸ್ಸು ಇಂಡಿ ಡಿಪೋದ್ದು, ಆದ್ದರಿಂದ ಅದರೊಳಗಿನ ನೆಲ ಇಂಡಿಯ ನೆಲ ಎಂದು ಇಬ್ಬರೂ ಸೇರಿ ತೀರ್ಮಾನಿಸಿದ್ದರು. ಹಾಗಂತ ಇದ್ದುದರಿಂದಲೇ ಸಿದ್ದವ್ವ ಆಣೆ ಮುರಿಯದೆ ಅಲ್ಲಿ ಕೂರಬಹುದಿತ್ತು. ಹಾಗಂತ ಇದ್ದುದರಿಂದಲೇ ಗುರಬಸವ್ವ ಅತ್ತೆಯ ಮಾತು ಮೀರದೆ ಅದನ್ನು ಹತ್ತುವಂತಿರಲಿಲ್ಲ. ಹತ್ತು ಹನ್ನೆರಡು ವರ್ಷ ಹೀಗೇ ನಡೆಯಿತು. ಇಂಡಿಯಲ್ಲಿ ಇದು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಪೇಟೆಯಲ್ಲಿ ಸಿದ್ದವ್ವ "ಮುದ್ದೇಬಿಹಾಳದ ಕಡೆ ನಾ ಹೊಳ್ಳಿ ಸುದ್ದಾ ನೋಡೂದಿಲ್ಲ" ಎಂದು ಎದೆ ತಟ್ಟಿ ಹೇಳುತ್ತಿದ್ದಳು.

ಇನ್ನು ಕೇಸಿಗೆ ಬರುತ್ತೇನೆ. ಒಂದು ಅಮಾವಾಸ್ಯೆ ಆ ಕಿಡಕಿಯ ಹತ್ತಿರ ಚನ್ನಬಸಯ್ಯ ಬಂದ. ಅವನು ಮುದ್ದೇಬಿಹಾಳ ಬಸ್ ನಿಲ್ದಾಣದ ಎದುರಿಗೆ ಗೋಣಿಚೀಲ ಮಾರುವವನು. ಮಾತು ಬೆಣ್ಣೆ. "ಅಕ್ಕಾರ, ಲಿಂಬಿ ತುಂಬಾಕ ಚೀಲ ಬೇಕೇನ್ರಿ? ಹೊಸಾವು ಅದಾವ." ಸಿದ್ದವ್ವ ಕಿಡಕಿಯಿಂದ ಕೈ ಹೊರಗೆ ಚಾಚಿದಳು, ಅವನು ಹೆಗಲ ಮೇಲಿನ ಟಾವೆಲ್ ಅದರ ಮೇಲೆ ಹಾಕಿದ. ಬೆರಳು ಒತ್ತಾಟ ನಡೆದು ವ್ಯಾಪಾರ ಕುದುರಿತು. ಕಿಡಕಿಯಿಂದಲೇ ರೊಕ್ಕ ಕೊಟ್ಟಳು. ಚೀಲದ ಕಟ್ಟುಗಳು ಬಸ್ಸಿನ ಟಾಪ್ ಏರಿ ಇಂಡಿಗೆ ಬಂದವು. ನಿಂಬೆಹಣ್ಣು ತುಂಬಿಕೊಂಡು ಸೊಲ್ಲಾಪುರಕ್ಕೂ ಹೋದವು.

ಆ ಚೀಲಗಳಲ್ಲಿ ಮೊದಲು ಒಣಮೆಣಸಿನಕಾಯಿ ತುಂಬಿದ್ದರು! ಚನ್ನಬಸಯ್ಯ ಒಳಮೈ ಹೊರಗೆ ಮಾಡಿ ಹೊಲಿಸಿ ಹೊಸವು ಎಂದು ಮಾರಿದ್ದ. ಇಂಡಿಯ ಹಮಾಲರು ಚೀಲ ತುಂಬುವಾಗ ಸೀನಿ ಸೀನಿ ಸುಸ್ತಾಗಿದ್ದರು. "ಏನ್ರೋ, ಎಲ್ಲಾರಿಗೂ ಒಮ್ಮೆಲೆ ನೆಗಡಿ?" ಎಂದು ಸಿದ್ದವ್ವ ಬೈದಿದ್ದಳೇ ಹೊರತು ಅವಳ ಮೂಗಿಗೆ ಏನೂ ತಾಗಿರಲಿಲ್ಲ. ಸೊಲ್ಲಾಪುರದಲ್ಲಿ ಶರಬತ್ತಿನವನು ಹಣ್ಣು ಹಿಂಡಿ, ಅದೇ ಕೈಯಿಂದ ಕಣ್ಣೊರೆಸಿಕೊಂಡು ಬೀದಿಯಲ್ಲಿ ಕುಣಿದನಂತೆ. ಶರಬತ್ತು ಕುಡಿದ ಗಿರಾಕಿಗಳು ಕೆಮ್ಮುತ್ತ ಅವನನ್ನು ಹೊಡೆಯಲಿಕ್ಕೆ ಬಂದರಂತೆ. ಮಾಲು ಪೂರ್ತಿ ವಾಪಸ್ಸು ಬಂತು. ಸಿದ್ದವ್ವನ ಹಣ್ಣಿಗೆ "ಖಾರ ಲಿಂಬಿ" ಎಂದು ಹೆಸರು ಬಿತ್ತು. ಹರಾಜಿನಲ್ಲಿ ಅವಳ ರಾಶಿಯ ಮುಂದೆ ಬಂದಾಗ ಜನ ಮೂಗು ಮುಚ್ಚಿಕೊಂಡು ನಕ್ಕು ಮುಂದೆ ಹೋಗತೊಡಗಿದರು.

ಹಾಗೆ ನಕ್ಕ ಮೊದಲ ಹರಾಜಿನ ಮರುದಿನವೇ ಸಿದ್ದವ್ವ ನನ್ನ ಆಫೀಸಿಗೆ ಬಂದಳು. ಕುಂದರ್ರಿ ಅಂದರೂ ಕೂರಲಿಲ್ಲ.

"ವಕೀಲ್ರ, ನನಗ ರೊಕ್ಕ ಬ್ಯಾಡ. ತಪ್ಪು ಚೀಲದ್ದು, ಹಣ್ಣಿಂದಲ್ಲ ಅಂತ ಜಡ್ಜಸಾಹೇಬ್ರು ಒಂದ ಮಾತು ಬರದು ಶಿಕ್ಕಾ ಒತ್ತಲಿ. ಅದನ್ನ ಸೊಲ್ಲಾಪುರಕ್ಕ ಒಯ್ದು ಒಬ್ಬೊಬ್ಬರ ಮಾರಿಗೆ ಹಿಡೀತೇನಿ."

ಕೋರ್ಟು ಹಾಗೆ ಸುಮ್ಮನೆ ಬರೆದುಕೊಡುವುದಿಲ್ಲ, ನಷ್ಟ ಕೇಳಿ ದಾವೆ ಹಾಕಬೇಕು ಎಂದೆ. ವ್ಯಾಪಾರ ಎಲ್ಲಿ ನಡೆಯಿತು ಎಂದು ಕೇಳಿದೆ. ಅವಳು ತಪಕೀರು ಏರಿಸಿದಳು. ಮತ್ತೆ ಕೇಳಿದೆ. ಮತ್ತೆ ಏರಿಸಿದಳು. ನನಗೆ ಸಿಟ್ಟು ಬಂತು. "ನನ್ನ ಮುಂದ ಮುಚ್ಚಿಟ್ರ ನಾಳಿ ಕೋರ್ಟಿನ್ಯಾಗ ಎಲ್ಲಾರ ಮುಂದ ಬಿಚ್ಚತೈತಿ ನೋಡ್ರಿ" ಎಂದು ಗದರಿದೆ. ಆಗ ಮದುವೆಯಿಂದ ಹಿಡಿದು ಕಿಡಕಿಯವರೆಗೆ ಎಲ್ಲ ಹೇಳಿದಳು.

ನಾನು ಪುಸ್ತಕ ಮುಚ್ಚಿದೆ. "ಸಿದ್ದವ್ವ, ವ್ಯಾಪಾರಸ್ಥರ ತಂಟೆಗೆ ಕಾಯಿದೆ ಹೀಂಗೈತಿ. ಮಾರಿದಾಂವ ಎಲ್ಲಿ ಇರ್ತಾನೋ ಅಲ್ಲಿ ದಾವೆ ಹಾಕಬೇಕು, ಇಲ್ಲಾ ವ್ಯಾಪಾರ ಎಲ್ಲಿ ನಡೀತೋ ಅಲ್ಲಿ. ಆಂವ ಇರೂದು ಮುದ್ದೇಬಿಹಾಳ, ಕೈ ಹಿಡಿದದ್ದು ಮುದ್ದೇಬಿಹಾಳ, ರೊಕ್ಕ ಕೊಟ್ಟದ್ದೂ ಮುದ್ದೇಬಿಹಾಳ. ಇದು ಆ ಕೋರ್ಟಿನ ಕೇಸು. ನೀವಾ ಹೋಗಿ ಕಟಕಟಿ ಹತ್ತಿ ಸಾಕ್ಷಿ ಹೇಳಬೇಕು."

"ನಾ ಅಲ್ಲಿ ಕಾಲಿಟ್ರ ನನ್ನ ತಂಗಿ ಉಳಿಯೂದಿಲ್ರಿ."

"ಹಂಗಾರ ಕೇಸು ಬಿಡ್ರಿ."

"ಕೇಸು ಬಿಟ್ರ ನನ್ನ ಹಣ್ಣಿನ ಹೆಸರು ಉಳಿಯೂದಿಲ್ಲ." ಆಮೇಲೆ ನನ್ನ ಮೇಜಿಗೆ ಕೈಯೂರಿ, "ವ್ಯಾಪಾರ ನಡದದ್ದು ಬಸ್ಸಿನ್ಯಾಗ. ಬಸ್ಸು ಇಂಡಿದು. ಅಂದಮ್ಯಾಲ ವ್ಯಾಪಾರ ಇಂಡ್ಯಾಗ ನಡೀತು" ಅಂದಳು.

"ತಲಿ ಕೆಟ್ಟೈತೇನ್ರಿ ನಿಮಗ?"

"ಯಾಕ್ರಿ? ಬಸ್ಸಿನ ಮ್ಯಾಲ ದೊಡ್ಡ ಅಕ್ಷರದಾಗ ಇಂಡಿ ಅಂತ ಬರದೈತಿ. ನಿಮ್ಮ ಬಾಗಲದ ಮ್ಯಾಲ ನಿಮ್ಮ ಹೆಸರು ಬರದೈತಿ. ಇದು ನಿಮ್ಮ ಮನಿ ಹೌದೋ, ಅಲ್ಲೋ?"

ಅವಳನ್ನು ಕಳಿಸಿ ಊಟಕ್ಕೆ ಕೂತೆ. ತುತ್ತು ಬಾಯಿಗೆ ಹೋಗುವಾಗ ಕಾಲೇಜಿನಲ್ಲಿ ಕಲಿತದ್ದೊಂದು ನೆನಪಾಯಿತು. ಸಮುದ್ರದ ನಡುವೆ ತೇಲುವ ಹಡಗು ಯಾವ ದೇಶದ ಧ್ವಜ ಹಾರಿಸುತ್ತದೋ ಆ ದೇಶದ ನೆಲವಿದ್ದಂತೆ ಎಂದು ಪ್ರೊಫೆಸರರು ಹೇಳಿದ್ದರು. ಹಡಗಿಗೆ ಆಗುವುದಾದರೆ ಬಸ್ಸಿಗೆ ಯಾಕಾಗಬಾರದು? ಇಂಡಿಗೂ ಸಮುದ್ರಕ್ಕೂ ಯಾವ ಜನ್ಮದ ನಂಟು ಎಂದು ಆಗ ನನಗೆ ಹೊಳೆಯಲಿಲ್ಲ. ಇಂಥ ವಾದವನ್ನು ವಿಜಾಪುರ ಜಿಲ್ಲೆಯಲ್ಲಿ ಈವರೆಗೆ ಯಾರೂ ಮಾಡಿಲ್ಲ ಎಂಬ ಹುರುಪೇ ಹೆಚ್ಚಾಯಿತು. ಕೈ ತೊಳೆದವನೇ ದಾವೆ ಬರೆಯಲು ಕೂತೆ. ಯಾರೂ ಯಾಕೆ ಮಾಡಿಲ್ಲ ಅನ್ನುವುದು ಕೋರ್ಟಿನಲ್ಲಿ ತಿಳಿಯಿತು.

ಚನ್ನಬಸಯ್ಯನ ಪರವಾಗಿ ಮುದ್ದೇಬಿಹಾಳದಿಂದ ಧೀರೇಂದ್ರ ಬಂದ. ನಾವಿಬ್ಬರೂ ಲಾ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಅವನ ನಗು ನನಗೆ ಆಗಲೇ ಸಹಿಸಲಾಗುತ್ತಿರಲಿಲ್ಲ. ಈ ಕೇಸು ನಡೆಸುವ ಅಧಿಕಾರವೇ ಇಂಡಿ ಕೋರ್ಟಿಗೆ ಇಲ್ಲ ಎಂದು ತಕರಾರು ಹಾಕಿದ. ಜೊತೆಗೆ ಚನ್ನಬಸಯ್ಯ ಕೊಟ್ಟ ಬಿಲ್ಲಿನ ಬುಡದಲ್ಲಿ "ಎಲ್ಲ ವ್ಯಾಜ್ಯಗಳು ಮುದ್ದೇಬಿಹಾಳ ನ್ಯಾಯಾಲಯಕ್ಕೆ ಮಾತ್ರ" ಎಂದು ಅಚ್ಚಾಗಿದ್ದುದನ್ನೂ ತೋರಿಸಿದ. ಕೈ ಬಿಟ್ಟ ಮೇಲೆ ಕೊಟ್ಟ ಬಿಲ್ಲಿನ ಮಾತು ಕೈಯೊಳಗಿನ ಕರಾರಿಗೆ ಹೇಗೆ ಸೇರುತ್ತದೆ ಎಂದು ನಾನು ಗುಡುಗಿದೆ. ಆ ಮಟ್ಟಿಗೆ ಚೆನ್ನಾಗಿಯೇ ಗುಡುಗಿದೆ. ಮುನಸೀಫರು ಮೈಸೂರು ಕಡೆಯವರು, ಹೊಸಬರು, ಮೆತ್ತಗೆ ಮಾತಾಡುವವರು. ಮೊದಲು ಅಧಿಕಾರದ ಪ್ರಶ್ನೆಯೊಂದನ್ನೇ ತೀರ್ಮಾನಿಸೋಣ ಅಂದರು.

ಸಾಕ್ಷಿಯ ದಿನ ಅರ್ಧ ಪೇಟೆ ಕೋರ್ಟಿನಲ್ಲಿತ್ತು. ಸಿದ್ದವ್ವ ಕಟಕಟೆ ಹತ್ತುವಾಗ ಕಂಕುಳಲ್ಲಿ ಏನೋ ಮಡಿಚಿಟ್ಟುಕೊಂಡಿದ್ದಳು.

"ಅದೇನಮ್ಮಾ?" ಎಂದು ಮುನಸೀಫರು ಕೇಳಿದರು.

"ಚೀಲ್ರಿ ಸಾಹೇಬ್ರ. ತಗೋರಿ, ನೀವಾ ನೋಡ್ರಿ ಖಾರ ಐತೋ ಇಲ್ಲೋ."

ಬೇಡ ಎಂದು ನಾನು ಕೂಗುವುದರೊಳಗೆ ಚೀಲ ಬಿಡಿಸಿ ಝಾಡಿಸಿಬಿಟ್ಟಳು. ಮೊದಲು ಸೀನಿದವನು ಬೆಂಚ್ ಗುಮಾಸ್ತ. ಆಮೇಲೆ ಬಾಗಿಲು ಕಾಯುವ ಪಟ್ಟೇವಾಲ, ಆಮೇಲೆ ನಾನು, ಆಮೇಲೆ ಸಾಲುಸಾಲಾಗಿ ಪೇಟೆಯ ಮಂದಿ. ಕೊನೆಗೆ ಮುನಸೀಫರು ಕರವಸ್ತ್ರ ಹುಡುಕುತ್ತ ಹುಡುಕುತ್ತ ತಮ್ಮ ತೋಳಿಗೇ ಸೀನಿದರು. ಸೀನದವಳು ಸಿದ್ದವ್ವ ಒಬ್ಬಳೇ. "ಆತಲ್ರಿ, ಸಾಬೀತಾತು" ಅಂದಳು ನೆಮ್ಮದಿಯಿಂದ.

"ಚೀಲದ ವಿಚಾರ ಆಮೇಲೆ ಕಣಮ್ಮಾ!" ಎಂದು ಮುನಸೀಫರು ಒದ್ದೆ ಕಣ್ಣು ಒರೆಸಿಕೊಂಡರು. ಚೀಲವನ್ನು ಹೊರಗೆ ಬೇವಿನ ಗಿಡಕ್ಕೆ ನೇತುಹಾಕಿಸಿದ ಮೇಲೆ ವಿಚಾರಣೆ ಮುಂದುವರಿಯಿತು.

ಧೀರೇಂದ್ರ ಎದ್ದು ನಿಂತ. ಅದೇ ಹಳೆಯ ನಗು. "ಸಿದ್ದವ್ವ, ವ್ಯಾಪಾರ ಮಾಡುವಾಗ ನೀವು ಬಸ್ಸಿನೊಳಗ ಇದ್ರಿ, ಹೌದಲ್ರಿ?"

"ಹೌದ್ರಿ. ಇಂಡಿ ಬಸ್ಸು."

"ಚನ್ನಬಸಯ್ಯ ಎಲ್ಲಿದ್ರು?"

"ಕೆಳಗ."

"ಕೈ ಹೆಂಗ ಹಿಡಿದ್ರಿ?"

"ಟಾವ್ಯಾಲ ಹಾಕ್ಕೊಂಡು ಹಿಡಿದ್ವಿ. ಇನ್ನ ಹೆಂಗ ಹಿಡೀತಾರ?"

ಮುನಸೀಫರಿಗೆ ಅರ್ಥವಾಗಲಿಲ್ಲ. ಟಾವೆಲ್ಲಿನ ಕೆಳಗೆ ಏನು ನಡೆಯುತ್ತದೆ, ಯಾಕೆ ನಡೆಯುತ್ತದೆ, ತೋರಿಸಿ ಅಂದರು. ಪಟ್ಟೇವಾಲನ ಟಾವೆಲ್ ಇಸಿದುಕೊಂಡು ಧೀರೇಂದ್ರ ಕೈ ಚಾಚಿದ. ನಾನು ಕೊಡಲೇಬೇಕಾಯಿತು. ಒಳಗೆ ಆ ಪುಣ್ಯಾತ್ಮ ನನ್ನ ಕಿರುಬೆರಳನ್ನು ಮುರಿಯುವ ಹಾಗೆ ಹಿಚುಕಿದ. "ಒಂದು ಬೆರಳು ಹಿಡಿದ್ರ ಒಂದು ನೂರು ಸ್ವಾಮಿ, ಎರಡು ಹಿಡಿದ್ರ ಎರಡು ನೂರು" ಎಂದು ವಿವರಿಸಿದ. ನಾನು ಹಲ್ಲು ಕಚ್ಚಿ ನಿಂತಿದ್ದೆ.

"ಆದರೆ ಆಕೆ ಬಸ್ಸಿನ ಮೇಲಿದ್ದರಲ್ಲವೇ? ಎತ್ತರ ಸರಿಯಾಗಲಿಲ್ಲ" ಅಂದರು ಮುನಸೀಫರು.

ಆದ್ದರಿಂದ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಕೋಟು, ಗೌನು, ಬಿಳಿ ಪಟ್ಟಿ ಸಮೇತ ನಾನು ಸಿದ್ದವ್ವನಾದೆ. ಒಂದು ಕುರ್ಚಿಯನ್ನು ಎತ್ತಿ ಹಿಡಿದು ಅದರ ಬೆನ್ನಿನ ಚೌಕಟ್ಟನ್ನು ಕಿಡಕಿ ಮಾಡಿದರು. ನಾನು ಅದರೊಳಗಿಂದ ಕೈ ಇಳಿಬಿಟ್ಟೆ. ಹಿಂದಿನ ಸಾಲಿನಿಂದ ಯಾರೋ "ಟಿಕೆಟ್, ಟಿಕೆಟ್!" ಎಂದು ಕೂಗಿದರು. ಅವನು ಯಾರೆಂದು ನನಗೆ ಇವತ್ತಿಗೂ ಗೊತ್ತು, ಅವನ ಕೇಸು ಈ ಜನ್ಮದಲ್ಲಿ ಹಿಡಿಯುವುದಿಲ್ಲ.

"ವಿಠ್ಠಲರಾಯರೇ," ಎಂದರು ಮುನಸೀಫರು, "ಈಗ ನಿಮ್ಮ ಕೈ ಎಲ್ಲಿದೆ?"

"ಕಿಟಕಿಯ ಹೊರಗಿದೆ, ಸ್ವಾಮಿ."

"ಬಸ್ಸಿನ ಹೊರಗೆ?"

"...ಹೌದು ಸ್ವಾಮಿ."

"ಬಸ್ಸು ಇಂಡಿಯ ನೆಲ ಅನ್ನುವ ನಿಮ್ಮ ವಾದ ಒಪ್ಪಿದರೂ, ಕರಾರು ಮಾಡಿದ ಕೈ ಯಾವ ತಾಲೂಕಿನಲ್ಲಿತ್ತು?"

ನಾನು ಬಿಡಲಿಲ್ಲ. ಬೆಂಚಿನ ಮೇಲಿಂದಲೇ, "ಕೈ ಹೊರಗಿತ್ತು ಸ್ವಾಮಿ, ಆದರೆ ಒಪ್ಪಿಗೆ ಕೊಡುವುದು ಬುದ್ಧಿ. ಬುದ್ಧಿ ಬಸ್ಸಿನ ಒಳಗಿತ್ತು" ಅಂದೆ.

"ಬುದ್ಧಿ ಎಲ್ಲಿತ್ತು ಅನ್ನೋದರ ಬಗ್ಗೆ ಕೋರ್ಟಿಗೂ ಅನುಮಾನವಿದೆ. ಇಳಿಯಿರಿ" ಅಂದರು.

ಜನ ಬಿದ್ದು ಬಿದ್ದು ನಕ್ಕರು. ಧೀರೇಂದ್ರ ಮಾತ್ರ ಅಷ್ಟಕ್ಕೇ ಬಿಡಬೇಕೋ ಬೇಡವೋ? ಸಿದ್ದವ್ವನ ಕಡೆ ತಿರುಗಿದ. "ನೀವು ಅಮಾಸಿಗೊಮ್ಮೆ ಇದೇ ಬಸ್ಸಿನ್ಯಾಗ ಮುದ್ದೇಬಿಹಾಳಕ್ಕ ಬಂದು ಕಿಡಕಿಯಾಗ ವ್ಯಾಪಾರ ಮಾಡ್ತೀರಿ, ಹೌದಲ್ಲೋ?"

"ಇಲ್ರಿ. ಚೀಲ ತಗೊಂಡದ್ದು ಅದೊಂದ ಸಲ."

"ಮತ್ತ ಯಾಕ ಬರ್ತೀರಿ?"

ಪೇಟೆಯ ಮಂದಿ ಕಿವಿ ನಿಮಿರಿಸಿದರು. ಮುದ್ದೇಬಿಹಾಳದ ಕಡೆ ಹೊಳ್ಳಿ ನೋಡುವುದಿಲ್ಲ ಎಂದು ಅವಳು ಎದೆ ತಟ್ಟಿದ್ದು ಇವರೆಲ್ಲರ ಮುಂದೆಯೇ. ಸಿದ್ದವ್ವ ತಪಕೀರಿನ ಡಬ್ಬಿ ತೆಗೆದಳು, ತೆರೆಯಲಿಲ್ಲ. ಉತ್ತರ ಹೇಳಬೇಕಮ್ಮಾ ಎಂದು ಮುನಸೀಫರು ಮೆತ್ತಗೆ ಹೇಳಿದರು.

"ತಂಗೀ ಮಾರಿ ನೋಡಾಕ ಬರ್ತೇನ್ರಿ" ಅಂದಳು. "ಇಳಿಯೂದಿಲ್ಲ. ಕಿಡಕಿಯಾಗಿಂದ ನೋಡತೇನಿ, ಬಸ್ ಬಿಟ್ಟ ಕೂಡಲೇ ಬರ್ತೇನಿ. ಇಳಿದ್ರ ಅಕೀಗೆ ಕೇಡಾಗತೈತ್ರಿ."

ಯಾರೂ ನಗಲಿಲ್ಲ. ಧೀರೇಂದ್ರನೂ ನಗಲಿಲ್ಲ, ಕಾಗದಪತ್ರ ಹೊಂದಿಸಿಕೊಂಡು ಕೂತ. ನನಗೆ ಅವನ ಮೇಲೆ ಮೊದಲ ಸಲ ಸಿಟ್ಟು ಬರಲಿಲ್ಲ.

ಒಂದು ವಾರದ ಮೇಲೆ ಹುಕುಂ ಬಂತು. ಬಸ್ಸಿಗೆ ತನ್ನದೇ ನೆಲ ಎಂಬುದಿಲ್ಲ, ಅದು ನಿಂತ ನೆಲವೇ ಅದರ ನೆಲ. ಸಿಂದಗಿಯಲ್ಲಿ ನಿಂತರೆ ಒಳಗೆ ಕೂತವರು ಸಿಂದಗಿಯಲ್ಲಿದ್ದಾರೆ, ಬಾಗೇವಾಡಿಯಲ್ಲಿ ನಿಂತರೆ ಬಾಗೇವಾಡಿಯಲ್ಲಿದ್ದಾರೆ, ಮುದ್ದೇಬಿಹಾಳದಲ್ಲಿ ನಿಂತರೆ ಮುದ್ದೇಬಿಹಾಳದಲ್ಲಿದ್ದಾರೆ. ಡಿಪೋ ಯಾವುದಾದರೂ ಆಗಿರಲಿ. ಕೈ ಹೊರಗಿದ್ದರೂ ಅಷ್ಟೇ, ಒಳಗಿದ್ದರೂ ಅಷ್ಟೇ. ಇಂಡಿ ಕೋರ್ಟಿಗೆ ಅಧಿಕಾರವಿಲ್ಲ. ದಾವೆಯನ್ನು ಮುದ್ದೇಬಿಹಾಳದಲ್ಲಿ ಹಾಕಿಕೊಳ್ಳಲು ವಾಪಸ್ಸು ಕೊಡಲಾಗಿದೆ.

ಕೋರ್ಟಿನ ಪಡಸಾಲೆಯಲ್ಲಿ ಸಿದ್ದವ್ವನಿಗೆ ಇದನ್ನು ಓದಿ ಹೇಳಿದೆ. ಸೋತ ವಕೀಲ ಗಿರಾಕಿಯ ಮುಖ ನೋಡುವುದಿಲ್ಲ, ನಾನೂ ಕಾಗದವನ್ನೇ ನೋಡುತ್ತಿದ್ದೆ. ಬೈಗುಳಕ್ಕೆ ಕಾಯುತ್ತಿದ್ದೆ. ಬೈಗುಳ ಬರಲಿಲ್ಲ.

"ಇನ್ನೊಮ್ಮೆ ಓದ್ರಿ" ಅಂದಳು.

ಓದಿದೆ.

"ಅಂದ್ರ ಬಸ್ಸು ಅಲ್ಲಿ ನಿಂತಾಗ ನಾ ಮುದ್ದೇಬಿಹಾಳದಾಗ ಇದ್ನೇನ್ರಿ?"

"ಇದ್ರಿ."

"ಅಮಾಸಿಗೊಮ್ಮೆ?"

"ಅಮಾಸಿಗೊಮ್ಮೆ."

"ಹಂಗಾರ ಆಣಿ ಯಾವಾಗೋ ಮುರದು ಹೋಗೇತಿ." ಅವಳು ಗೋಡೆ ಹಿಡಿದು ಮೆಟ್ಟಿಲ ಮೇಲೆ ಕೂತಳು. ಮುಖ ಬಿಳುಪೇರಿತು, ನನಗೆ ಗಾಬರಿಯಾಗಿ ನೀರು ತರಲು ಹೊರಟೆ. "ನಿಲ್ರಿ," ಅಂದಳು. "ಇಷ್ಟ ವರ್ಷ ಮುರದೇನಿ, ಖರೇ? ಆದ್ರ ಗುರಬಸಿಗೆ ಏನೂ ಆಗಿಲ್ಲಲ್ರಿ. ಒಮ್ಮೆ ಮಂಡಿನೋವು ಬಂದಿತ್ತು, ಅದು ನನಗೂ ಬಂದಿತ್ತು."

"ಏನೂ ಆಗಿಲ್ರಿ" ಅಂದೆ.

"ಬಸ್ಸು ಇಂಡಿ ನೆಲ ಅಲ್ಲಂದ್ರ ಅಕಿನೂ ಹತ್ತಿ ನನ್ನ ಬಾಜೂಕ ಕುಂದರಬಹುದಿತ್ತು!"

"ಕುಂದರಬಹುದಿತ್ತು."

ಆಗ ಬೈಗುಳ ಬಂತು. ನನಗಲ್ಲ, ಮುನಸೀಫರಿಗೂ ಅಲ್ಲ, ತನಗೇ. ಹಲ್ಲು ಕಚ್ಚಿ, ತೊಡೆ ತಟ್ಟಿಕೊಂಡು, ಇಡೀ ಕೋರ್ಟಿಗೆ ಕೇಳುವ ಹಾಗೆ ತನ್ನನ್ನು ತಾನೇ ಬೈದುಕೊಂಡಳು. ಅದನ್ನೆಲ್ಲ ಬರೆಯಲು ಬರುವುದಿಲ್ಲ.

ಕೇಸು ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸಾಗುವುದಿಲ್ಲ. ಮುದ್ದೇಬಿಹಾಳದಲ್ಲಿ ದಾವೆ ಹಾಕಿದೆವು. ಸಿದ್ದವ್ವ ಎರಡನೆಯ ತಾರೀಖಿಗೂ ಚೀಲ ತಂದಿದ್ದನ್ನು ನೋಡಿ ಧೀರೇಂದ್ರನೇ ತನ್ನ ಪಕ್ಷಗಾರನಿಗೆ ಬುದ್ಧಿ ಹೇಳಿದ. ಚನ್ನಬಸಯ್ಯ ಅವಳ ಜೊತೆ ಸೊಲ್ಲಾಪುರಕ್ಕೆ ಹೋಗಿ, ಪೇಟೆಯಲ್ಲಿ ನಾಲ್ಕು ಮಂದಿಯ ಮುಂದೆ, ತಪ್ಪು ಚೀಲದ್ದು, ಹಣ್ಣಿನದಲ್ಲ ಎಂದು ಹೇಳಿ ಬಂದ. ಕೇಸು ರಾಜಿಯಾಯಿತು. ಅವಳ ಹಣ್ಣು ಮೊದಲಿನಂತೆ ಹೋಗತೊಡಗಿತು.

ಆದರೆ ನನಗೆ ನೆನಪಿರುವುದು ದಾವೆ ಹಾಕಲು ಹೋದ ಮೊದಲ ದಿನ. ಅದೇ ಬಸ್ಸು, ಅದೇ ನಬಿಸಾಬ. ಅಮಾವಾಸ್ಯೆಯಾದ್ದರಿಂದ ಗುರಬಸವ್ವ ಬರುವ ದಿನವೂ ಹೌದು, ಅವಳಿಗೆ ಕೇಸಿನ ಗಂಧವೂ ಇರಲಿಲ್ಲ. ಸಿಂದಗಿಯವರೆಗೆ ಸಿದ್ದವ್ವ ಹರಟೆ ಹೊಡೆದಳು. ಬಾಗೇವಾಡಿ ದಾಟಿದ ಮೇಲೆ ತಪಕೀರಿನ ಡಬ್ಬಿ ತೆರೆಯುತ್ತ ಮುಚ್ಚುತ್ತ ಕೂತಳು. ಮುದ್ದೇಬಿಹಾಳ ನಿಲ್ದಾಣದಲ್ಲಿ ಬಸ್ಸು ನಿಂತಾಗ ಎದ್ದು ಬಾಗಿಲವರೆಗೆ ಹೋದಳು, ಕೊನೆಯ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಕೈ ಸರಳನ್ನು ಬಿಗಿಯಾಗಿ ಹಿಡಿದಿತ್ತು.

"ವಕೀಲ್ರ, ಹುಕುಂ ಖರೇನ ಐತಲ್ರಿ?"

"ಖರೇ ಐತ್ರಿ. ಸರಕಾರದ ಶಿಕ್ಕಾ ಬಿದ್ದೈತಿ."

ಇಳಿದಳು. ನಾನು ಸಾಮಾನು ತೆಗೆದುಕೊಳ್ಳಲು ಸೀಟಿಗೆ ಬಂದರೆ, ಕಿಡಕಿಯ ಕೆಳಗೆ ಒಬ್ಬ ಸಣಕಲು ಹೆಂಗಸು ಕತ್ತು ಮೇಲೆತ್ತಿ, ಬುತ್ತಿ ಎತ್ತಿ ಹಿಡಿದು ನಿಂತಿದ್ದಳು. ಖಾಲಿ ಸೀಟು ನೋಡಿ, ನನ್ನನ್ನು ನೋಡಿ, "ನಮ್ಮಕ್ಕ ಬಂದಿಲ್ಲೇನ್ರೀ ಯಪ್ಪಾ? ಆರಾಮ ಅದಾಳಲ್ರಿ?" ಎಂದು ಕೇಳಿದಳು.

"ಗುರಬಸಿ, ಹಿಂದ ನೋಡ."

ಬಸ್ಸಿನ ಹಿಂದಿನಿಂದ ಸುತ್ತಿ ಬಂದಿದ್ದ ಸಿದ್ದವ್ವ ಅವಳ ಬೆನ್ನ ಹಿಂದೆಯೇ ನಿಂತಿದ್ದಳು. ತಂಗಿ ತಿರುಗಿ ನೋಡಿದ್ದು ಅಕ್ಕನ ಮುಖವನ್ನಲ್ಲ, ಕಾಲನ್ನು. ನೆಲದ ಮೇಲಿದ್ದ ಕಾಲನ್ನು. ಬುತ್ತಿ ಅಲ್ಲೇ ಬಿಟ್ಟು ಅಕ್ಕನ ಎರಡೂ ರಟ್ಟೆ ಹಿಡಿದು ಬಸ್ಸಿನ ಬಾಗಿಲ ಕಡೆ ನೂಕತೊಡಗಿದಳು. "ಹತ್ತ ಯಕ್ಕಾ, ಹತ್ತ! ಕಾಲ ತಗಿ! ಹುಚ್ಚಿ ಆಗೀಯೇನ?"

"ಏ, ತಡಿ. ನೂಕಬ್ಯಾಡ. ಇಷ್ಟ ವರ್ಷ ನಾ ಇಲ್ಲೇ ಇದ್ನಂತ. ಬಸ್ಸಿನ್ಯಾಗ ಕುಂತ್ರೂ ಮುದ್ದೇಬಿಹಾಳದಾಗ ಇದ್ದಂಗಂತ. ಕೋರ್ಟಿನ್ಯಾಗ ಬರದಾರ, ನೋಡು, ವಕೀಲ್ರನ್ನ ಕೇಳು. ಆಣಿ ಮುರದು ಎಷ್ಟೋ ವರ್ಷ ಆತು, ನಿನಗೇನಾಗೇತಿ? ಎರಡ ಹಲ್ಲು ಬಿದ್ದಾವ, ಅಷ್ಟ."

ಗುರಬಸವ್ವನ ಕೈ ಸಡಿಲವಾಯಿತು. ನನ್ನ ಕಡೆ ನೋಡಿದಳು, ನಾನು ತಲೆಯಾಡಿಸಿದೆ. ಬಸ್ಸಿನ ಕಿಡಕಿ ನೋಡಿದಳು, ಅಕ್ಕನನ್ನು ನೋಡಿದಳು. ಅಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ ಏನೋ.

"ಹಂಗಾರ ಮ್ಯಾಲ ಯಾಕ ಕುಂತಿದ್ದೆ ಯಕ್ಕಾ, ಇಷ್ಟ ದಿನ?"

ಪೇಟೆಯಲ್ಲಿ, ಕಟಕಟೆಯಲ್ಲಿ, ಯಾರಿಗೂ ಒಂದು ಮಾತು ಬಾಕಿ ಇಡದ ಸಿದ್ದವ್ವ ತಂಗಿಯ ಮುಂಗೈ ಹಿಡಿದುಕೊಂಡು ಅಳತೊಡಗಿದಳು. ತಂಗಿಯೂ ಅತ್ತಳು. ನಿಲ್ದಾಣದ ಮಂದಿ ಯಾರೋ ಸತ್ತಿರಬೇಕು ಎಂದು ದಾರಿ ಬಿಟ್ಟು ನಿಂತರು.

ನಬಿಸಾಬ ಒಂದು ಶೀಟಿ ಊದಿದ, ಎರಡು ಊದಿದ. ಆಮೇಲೆ ಬಾಗಿಲಿಂದ ಬಗ್ಗಿ, "ಅವ್ವಾರ, ಮಾತು ಮುಗೀತೇನ್ರಿ? ಬಸ್ ಬಿಡೂನೇನ್ರಿ?" ಎಂದು ಕೇಳಿದ.

"ನೀ ಬಿಡಪಾ," ಅಂದಳು ಸಿದ್ದವ್ವ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ನಾ ಇವತ್ತ ತಂಗೀ ಮನ್ಯಾಗ ಉಂಡು ಬರ್ತೇನಿ."